ದೊರೆ ಬಾವಿಯಲ್ಲಿದ್ದ ಸೋಮವಾರ

ಸಂಜನಾ, ಪ್ರಣವ್, ಮೊನ್ನೆ ನಾವು ಮೂವರೂ ಲಿಫ್ಟಿನಿಂದ ಹೊರಗೆ ಬಂದಾಗ ಎದುರುಮನೆಯ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. "ಅಜ್ಜಿ, ಏನೋ ಸುಡ್ತಿದೆ" ಎಂದು ಪ್ರಣವ್ ಮೂಗು ಮುಚ್ಚಿಕೊಂಡ. ಏನೂ ಸುಡುತ್ತಿರಲಿಲ್ಲ ಕಂದಾ. ಆ ಮನೆಯ ಹುಡುಗಿಗೆ ಹೆರಿಗೆಯಾಗಿ ವಾರವಾಗಿತ್ತು. ಕೆಂಡದ ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮದ ಕಾಳು ಹಾಕಿ ಮಗುವಿಗೆ ಹೊಗೆ ಕೊಡುತ್ತಿದ್ದರು. ನಾನು ಕೈಯಲ್ಲೇ ಬೀಗದ ಕೈ ಇಟ್ಟುಕೊಂಡು ಅದನ್ನು ಚೀಲದಲ್ಲಿ ಹುಡುಕುತ್ತ ನಿಂತುಬಿಟ್ಟೆ. ಯಾಕಜ್ಜಿ ಕಣ್ಣಲ್ಲಿ ನೀರು ಎಂದು ಸಂಜನಾ ಕೇಳಿದಾಗ ಹೊಗೆ ಎಂದೆ. ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತು. ನಿಮ್ಮ ತಾತ ಇದ್ದಾಗಲೂ ನಾಲ್ಕು ಜನರ ನಡುವೆ ನಾನು ಬಾಯಿ ಬಿಟ್ಟವಳಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಅಕ್ಷರ ಇನ್ನೂ ಮರೆತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಇದನ್ನು ಬಲ್ಲವರು ಐದು ಜನ ಇದ್ದೆವು. ಹೋದ ವರ್ಷ ನಿಮ್ಮ ದೊಡ್ಡಜ್ಜಿ, ನನ್ನ ಜಯಕ್ಕ, ತೀರಿಕೊಂಡ ಮೇಲೆ ನಾನೊಬ್ಬಳೇ ಉಳಿದಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಅಮೃತಹಳ್ಳಿಗೂ ಜಕ್ಕೂರಿಗೂ ನಡುವೆ ಇದ್ದ ಒಂದು ದ್ರಾಕ್ಷಿ ತೋಟದಲ್ಲಿ. ಈಗ ಹೋಗಿ ಹುಡುಕಬೇಡಿ, ಅಲ್ಲಿ ಒಂದು ಕಲ್ಲುಕಂಬವೂ ಇಲ್ಲ. ಆಗ ಹದಿನೆಂಟು ಎಕರೆಗೂ ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಚಪ್ಪರ ಹಬ್ಬಿಸಿದ್ದರು. ಅದರ ಕೆಳಗೆ ನಡುಮಧ್ಯಾಹ್ನದಲ್ಲೂ ಹಸಿರು ಕತ್ತಲೆ. ಸುಣ್ಣಕ್ಕೆ ಮೈಲುತುತ್ತ ಕಲಸಿ ಸಿಂಪಡಿಸಿದ ಮೇಲೆ ಎಲೆಗಳೆಲ್ಲ ನೀಲಿಯಾಗುತ್ತಿದ್ದವು, ಅಪ್ಪನ ಬೆರಳುಗಳೂ ನೀಲಿಯಾಗುತ್ತಿದ್ದವು, ಆ ನೀಲಿ ಬೆರಳಲ್ಲೇ ಅವರು ರಾಗಿಮುದ್ದೆ ಮುರಿಯಲು ಹೊರಟರೆ ಅಮ್ಮ ತಟ್ಟೆ ಎಳೆದುಕೊಳ್ಳುತ್ತಿದ್ದಳು. ಅಪ್ಪ ಮುನಿಶಾಮಪ್ಪ ತೋಟದ ಮೇಸ್ತ್ರಿ. ತೋಟದ ನಡುವೆ ಹೆಂಚಿನ ಬಂಗಲೆ, ಅದರ ಹಿಂದೆ ಔಟ್‌ಹೌಸಿನ ಎರಡು ಕೋಣೆ ನಮ್ಮದು. ನಮ್ಮ ಅಂಗಳಕ್ಕೆ ಅಂಟಿಕೊಂಡೇ ಹಣ್ಣು ಕೂಡಿಡುವ ಕೋಣೆ. ಸ್ವಲ್ಪ ದೂರದಲ್ಲಿ, ಹೊಂಗೆಮರದ ಪಕ್ಕ, ನೀರು ಬತ್ತಿದ ಹಳೆಯ ಬಾವಿ. ನನ್ನ ಲೋಕ ಅಷ್ಟೇ ಇತ್ತು, ಅದು ಒಂದು ದಿನ ಇರುವುದಿಲ್ಲ ಎಂದು ನನಗೆ ಅನ್ನಿಸಿರಲೇ ಇಲ್ಲ.

ತೋಟದ ಒಡೆಯರು ಐರ್ಲೆಂಡ್ ದೇಶದವರು. ಹೆಸರು ಡೆಸ್ಮಂಡ್. ಯಾರೂ ಹೆಸರು ಹಿಡಿಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ದೊರೆ. ಅವರ ಅಜ್ಜ ಕಂಟೋನ್ಮೆಂಟಿನಲ್ಲಿದ್ದಾಗ ಆ ಜಮೀನು ಕೊಂಡಿದ್ದರಂತೆ. ಬಂಗಲೆಯ ಹಜಾರದಲ್ಲಿ ಒಂದು ದೊಡ್ಡ ಚಿತ್ರಪಟ ತೂಗುಹಾಕಿತ್ತು. ಕೆರೆಯ ದಡದಲ್ಲಿ ಬೂದುಬಣ್ಣದ ಮನೆ, ಅದಕ್ಕೆ ಎಣಿಸಲಾರದಷ್ಟು ಕಿಟಕಿ. ಅದು ಅವರ ವಂಶದ ಮನೆ. ಸುತ್ತಲ ಹಳ್ಳಿಗಳೆಲ್ಲ ಒಂದು ಕಾಲಕ್ಕೆ ಅವರದೇ ಆಗಿದ್ದವು, ಮುತ್ತಜ್ಜ ಕುದುರೆಗಳ ಮೇಲೆ ಕಳೆದರು, ಅಜ್ಜ ಮದುವೆಗಳ ಮೇಲೆ, ಅಪ್ಪ ವ್ಯಾಜ್ಯಗಳ ಮೇಲೆ, ಕೊನೆಗೆ ಉಳಿದದ್ದು ಸೋರುವ ಆ ಮನೆ, ಅದರ ಸುತ್ತಲ ಒಂದೆರಡು ಹೊಲ ಮತ್ತು ಒಂದು ಬಿರುದು. ಅಂಚೆಯವನು ಲಕೋಟೆ ಮೇಲಿನ ಆ ಬಿರುದನ್ನು ಗೇಟಿನಿಂದಲೇ ಜೋರಾಗಿ ಓದಿಕೊಂಡು ಬರುತ್ತಿದ್ದ. ಬಿರುದಿನ ಒಡೆಯರು ಮೊಣಕೈಗೆ ಅಮ್ಮ ಹೊಲಿದುಕೊಟ್ಟ ತೇಪೆಯ ಕೋಟು ಹಾಕಿಕೊಂಡು ಜಗಲಿಯಲ್ಲಿ ಪೈಪು ಸೇದುತ್ತ ಕೂತಿರುತ್ತಿದ್ದರು. ಆ ಮನೆಯ ಚಾವಣಿ ರಿಪೇರಿಗೆಂದು ದೊರೆ ಈ ತೋಟವನ್ನು ಪೇಟೆಯ ಒಬ್ಬ ಸಾಹುಕಾರನಿಗೆ ಅಡವಿಟ್ಟರು. ಇಲ್ಲಿಯ ಬಡ್ಡಿ ಕಟ್ಟಲು ಅಲ್ಲಿಯ ಹೊಲ ಮಾರಿದರು. ಎಂಟನೆಯ ವಯಸ್ಸಿಗೆ ಬಿಟ್ಟುಬಂದ ಮನೆ ಅದು. "ಅಲ್ಲಿಗ್ ಓಗಾದೂ ಇಲ್ಲ, ಇರಾದೂ ಇಲ್ಲ, ಅದ್ಯಾಕ್ ದೊರೆ ಆ ಮನೆ ಉಚ್ಚು?" ಎಂದು ಅಪ್ಪ ಒಮ್ಮೆ ಕೇಳಿಯೇಬಿಟ್ಟರು. ನಮ್ಮವರ ಜೊತೆ ಬೆಳೆದ ದೊರೆಯ ಕನ್ನಡ ನಮ್ಮದರ ಹಾಗೇ ಇತ್ತು. "ನಮ್ಮಪ್ಪನ ಗೋರಿ ಐತಲ್ಲ ಮುನಿಶಾಮಿ, ಸೂರಿಲ್ದಿದ್ರೆ ಬೈಯಾಕಿಲ್ವಾ" ಎಂದು ನಕ್ಕರು.

ನನಗೆ ಹನ್ನೊಂದು ವರ್ಷವಾಗಿದ್ದ ಬೇಸಿಗೆಯಲ್ಲಿ ಸಾಹುಕಾರ ಕೋರ್ಟಿನಿಂದ ದೊರೆಯ ಮೇಲೆ ವಾರಂಟ್ ತಂದ. ಸಾಲ ತೀರಿಸದವರನ್ನು ಹಿಡಿದು ಜೈಲಿಗೆ ಹಾಕಬಹುದು ಎನ್ನುವುದೇ ನನಗೆ ಆಗ ಹೊಸದು. ಹಿಡಿಯಲು ಬರುವವನು ಪೊಲೀಸಿನವನಲ್ಲ, ಕೋರ್ಟಿನ ಅಮೀನ. ಕತ್ತಲಾದ ಮೇಲೆ ಅಮೀನ ಯಾರ ಮನೆಯೊಳಕ್ಕೂ ಕಾಲಿಡುವ ಹಾಗಿಲ್ಲವಂತೆ. ಹಾಗಾಗಿ ದೊರೆ ಹೊತ್ತು ಹುಟ್ಟುವ ಮೊದಲೇ ಮನೆ ಬಿಟ್ಟು ಚಪ್ಪರದ ಕೆಳಗೆ ಸೇರಿಕೊಳ್ಳುತ್ತಿದ್ದರು, ಹೊತ್ತು ಮುಳುಗಿದ ಮೇಲೆ ಎಲ್ಲ ದೀಪ ಹಚ್ಚಿ ಕೋಟು ಹಾಕಿಕೊಂಡು ಮೇಜಿನ ಮುಂದೆ ಊಟಕ್ಕೆ ಕೂರುತ್ತಿದ್ದರು. ಇದೆಲ್ಲ ಎಷ್ಟು ದಿನ ಎನ್ನುವುದಕ್ಕೂ ಲೆಕ್ಕವಿತ್ತು. ಐರ್ಲೆಂಡಿನ ಮನೆಯನ್ನು ಅಲ್ಲಿಯ ಕ್ರೈಸ್ತ ಸನ್ಯಾಸಿನಿಯರ ಮಠ ಕೊಳ್ಳಲು ಒಪ್ಪಿತ್ತು. ಮನಸ್ಸು ಕಲ್ಲು ಮಾಡಿಕೊಂಡು ದೊರೆಯೂ ಒಪ್ಪಿದ್ದರು. ಕಾಗದ ಬರಬೇಕು, ಸಹಿ ಹಾಕಬೇಕು, ಆ ಹಣದಲ್ಲಿ ತೋಟ ಉಳಿಯಬೇಕು. ಶನಿವಾರ ಕಳೆದರೆ ಕೋರ್ಟಿಗೆ ಬೇಸಿಗೆಯ ರಜೆ, ಆಮೇಲೆ ಒಂದು ತಿಂಗಳು ಯಾರೂ ಮುಟ್ಟುವುದಿಲ್ಲ, ಅಷ್ಟರಲ್ಲಿ ಕಾಗದ ಬಂದೇ ಬರುತ್ತದೆ ಎಂದು ಅಪ್ಪ ಅಮ್ಮನಿಗೆ ದಿನಕ್ಕೆರಡು ಸಲ ಹೇಳುತ್ತಿದ್ದರು. ಶನಿವಾರ, ಶನಿವಾರ ಎನ್ನುವುದು ನಮ್ಮ ಮನೆಯಲ್ಲಿ ದೇವರ ಹೆಸರಿನ ಹಾಗೆ ಆಗಿಹೋಗಿತ್ತು. ತೋಟ ಹೋದರೆ ನಮ್ಮ ಎರಡು ಕೋಣೆಯೂ ಹೋಗುತ್ತಿತ್ತಲ್ಲ.

ಆ ಶನಿವಾರಕ್ಕೆ ಹನ್ನೊಂದು ದಿನ ಮುಂಚೆ, ಮಂಗಳವಾರ ನಸುಕಿನಲ್ಲಿ, ಜಯಕ್ಕನಿಗೆ ನೋವು ಶುರುವಾಯಿತು. ಚೊಚ್ಚಲು ಹೆರಿಗೆಗೆ ಅಟ್ಟೂರಿನ ಗಂಡನ ಮನೆಯಿಂದ ಬಂದಿದ್ದಳು. ಹೊತ್ತೇರಿದರೂ ಮಗು ಬರಲಿಲ್ಲ, ಸೂಲಗಿತ್ತಿ ಕೈ ಚೆಲ್ಲಿ ಹೊರಗೆ ಬಂದಳು. ಜಪ್ತಿಯಾದೀತೆಂದು ಹುಲ್ಲಿನ ಬಣವೆಯ ಹಿಂದೆ ಮುಚ್ಚಿಟ್ಟಿದ್ದ ಹಳೆಯ ಕಾರನ್ನು ದೊರೆ ತಾವಾಗಿಯೇ ಹೊರಗೆ ತೆಗೆದರು. ಹಾಡಹಗಲಲ್ಲಿ, ಬ್ಯಾಟರಾಯನಪುರದ ಅಂಗಡಿಗಳವರೆಲ್ಲ ನೋಡುತ್ತಿದ್ದ ಹಾಗೆ, ಯಲಹಂಕಕ್ಕೆ ಹೋಗಿ ನರ್ಸಮ್ಮನನ್ನು ಕೂರಿಸಿಕೊಂಡು ಬಂದರು. ಗಂಡುಮಗು ಹುಟ್ಟಿತು, ಅಕ್ಕ ಉಳಿದಳು. ದೊರೆ ಊರಲ್ಲೇ ಇದ್ದಾರೆ ಎನ್ನುವ ಸುದ್ದಿಯೂ ಅದೇ ಕಾರಿನಲ್ಲಿ ಕೂತು ಪೇಟೆಗೆ ಹೋಯಿತು.

ನಮ್ಮ ಕಡೆ ಹೆರಿಗೆಯಾದ ಮನೆಗೆ ಹನ್ನೊಂದು ದಿನ ಪುರುಡು, ಎಂದರೆ ಹುಟ್ಟಿನ ಮೈಲಿಗೆ. ಬಾಣಂತಿಯ ಕೋಣೆಗೆ ಹೆಂಗಸರು ಮಾತ್ರ ಹೋಗಬೇಕು, ಹೆತ್ತ ಅಪ್ಪನಿಗೂ ಕಟ್ಟಿಕೊಂಡ ಗಂಡನಿಗೂ ಪ್ರವೇಶವಿಲ್ಲ. ಬಾಗಿಲಿಗೆ ಹಳೆಯ ಸೀರೆಯ ಪರದೆ, ಹೊಸಿಲಿನಲ್ಲಿ ಬೇವಿನಸೊಪ್ಪು, ಕಬ್ಬಿಣದ ಕುಡುಗೋಲು, ಮೂಲೆಯಲ್ಲಿ ಪೊರಕೆ. ಹಗ್ಗದ ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರಲ್ಲಿ ಸದಾ ಕೆಂಡ. ಒಳಗೆ ಕಿಟಕಿ ಇರಲಿಲ್ಲ. ಸೋಮವಾರ ಬೆಳಗ್ಗೆ, ಮಗುವಿಗೆ ಏಳನೆಯ ದಿನ, ದೊರೆ ಏನೋ ಕೇಳಲು ನಮ್ಮ ಅಂಗಳಕ್ಕೆ ಬಂದಿದ್ದರು. ಮುಂದಿನ ಗೇಟಿನ ಚಿಲಕ ಸದ್ದಾಯಿತು. ಅದೇ ಹೊತ್ತಿಗೆ ಹಿಂದಿನ ದಾರಿಯಲ್ಲಿ ಇಬ್ಬರು ಜವಾನರು ಸೈಕಲ್ ಇಳಿಯುವುದು ಕಂಡಿತು. ಚಪ್ಪರದವರೆಗೆ ಓಡಲು ಅಂಗಳ ದಾಟಬೇಕು. ಅಪ್ಪ ಬಾಯಿ ತೆರೆದುಕೊಂಡು ನಿಂತರು. ಹಿಂದೆ ಒಮ್ಮೆಯೂ ದೊರೆಯ ಮುಂದೆ ತಲೆ ಎತ್ತಿ ನಿಂತವಳಲ್ಲದ ನನ್ನಮ್ಮ ಅವರ ತೋಳು ಹಿಡಿದು ಎಳೆದಳು. "ಬನ್ನಿ ದೊರೆ. ಮಾತಾಡ್ಬ್ಯಾಡಿ." ಪರದೆ ಸರಿಸಿ ನೂಕಿದಳು. ಅಗ್ಗಿಷ್ಟಿಕೆಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದಳು, ಐರ್ಲೆಂಡಿನ ದೊರೆ ಬಿಸಿ ನೆಲದ ಮೇಲೆ ಅಕ್ಕನ ಮಂಚದ ಕೆಳಗೆ ಮುದುಡಿಕೊಂಡರು, ಅಮ್ಮ ಅಗ್ಗಿಷ್ಟಿಕೆಯನ್ನು ಮತ್ತೆ ಅವರ ಮುಂದಕ್ಕೆ ಎಳೆದಿಟ್ಟು ಕಂಬಳಿಯ ಅಂಚು ಇಳಿಬಿಟ್ಟಳು. ನನ್ನನ್ನು ಹೊಸಿಲ ಬಳಿ ಕೂರಿಸಿದಳು.

ಅಮೀನನ ಹೆಸರು ರುದ್ರಪ್ಪ. ದಪ್ಪ ಮೀಸೆ, ಹಣೆಯ ತುಂಬ ವಿಭೂತಿ, ಮಾತು ಮಾತ್ರ ಮೆತ್ತಗೆ. ಬಂಗಲೆ ನೋಡಿದ, ಬಣವೆ ನೋಡಿದ, ಹಣ್ಣಿನ ಕೋಣೆ ನೋಡಿದ. ಹೊಂಗೆಮರದ ಹತ್ತಿರ ಹೋಗಿ ಬತ್ತಿದ ಬಾವಿಗೆ ಬಗ್ಗಿದ, ಒಂದು ಕಲ್ಲು ಹಾಕಿದ, ಜವಾನನೊಬ್ಬನನ್ನು ಮೆಟ್ಟಿಲಿಳಿಸಿ ಕೆಳಗಿನವರೆಗೂ ಕಳಿಸಿ ಹತ್ತಿಸಿಕೊಂಡ. ನಾನು ಕೂತಲ್ಲಿಂದ ಎಲ್ಲ ಕಾಣುತ್ತಿತ್ತು. ಆಮೇಲೆ ನಮ್ಮ ಮನೆಗೆ ಬಂದು ಪರದೆಯ ಮುಂದೆ ನಿಂತ. "ಒಳಗ್ಯಾರವ್ರಮ್ಮ?" "ಬಾಣ್ತಿ ಕಣಪ್ಪ. ಏಳ್ ದಿನದ ಕೂಸು. ಬೇಕಾದ್ರೆ ಬಂದು ನೋಡು, ನಿಂಗೆ ಪುರುಡು ಅಂಟ್ಕೊಂಡ್ರೆ ನಮ್ಮನ್ ಬೈಬ್ಯಾಡ" ಎಂದಳು ಅಮ್ಮ. ಆಗ ಒಳಗೆ ಹೊಗೆಗೆ ದೊರೆಗೆ ಕೆಮ್ಮು ಬಂತು. ಒಂದೇ ಸದ್ದು, ಗಂಟಲಲ್ಲೇ ಹಿಸುಕಿದ್ದು. ಅದರ ಹಿಂದೆಯೇ ಮಗು ಕಿರುಚಿಕೊಂಡಿತು, ನಿಲ್ಲಿಸದೆ, ಉಸಿರು ಕಟ್ಟುವ ಹಾಗೆ ಕಿರುಚಿಕೊಂಡಿತು. ಅಕ್ಕ ಅದರ ತೊಡೆ ಚಿವುಟಿದ್ದಳು. ಅಮೀನ ನನ್ನ ಕಡೆ ಬಗ್ಗಿ, "ಮಗಾ, ನೀನ್ ನಿಜ ಏಳು. ದೊರೆ ಒಳಗವ್ರಾ?" ಎಂದ. ನಾನು ಹೊಸಿಲಿನ ಕುಡುಗೋಲನ್ನೇ ನೋಡುತ್ತ ಕೂತೆ. ತಲೆ ಆಡಿಸಲೂ ಆಗಲಿಲ್ಲ. ಅವನು ಬಹಳ ಹೊತ್ತು ಕುಡುಗೋಲನ್ನೂ ಬೇವಿನಸೊಪ್ಪನ್ನೂ ನೋಡಿದ. "ಕೂಸಿಗ್ ಬಜೆ ತೇಯ್ದು ನೆಕ್ಸಮ್ಮ, ಒಟ್ಟೆನೋವಿರ್ಬೇಕು" ಎಂದು ಹೇಳಿ ಹೊರಟುಹೋದ.

ಅವತ್ತಿನಿಂದ ಅವನು ದಿನಾ ಬಂದು ಹೊಂಗೆಮರದ ಕೆಳಗೆ ಕೂರತೊಡಗಿದ. ಕಾಯುವುದೇ ಕೆಲಸ. ಅಮ್ಮ ಅವನಿಗೂ ಮಧ್ಯಾಹ್ನ ಮುದ್ದೆ, ಸಾರು ಕೊಟ್ಟಳು, ಅವನು ತಟ್ಟೆ ತೊಳೆದು ಕೊಟ್ಟ. ಊರಲ್ಲಿ ನಗೆಚಾಟಿಕೆ ಎದ್ದಿತ್ತು. "ದೊರೆ ಗೊಂಚಲಾಗಿ ಚಪ್ಪರದಾಗೆ ನೇತಾಡ್ತಾವ್ನೆ ಕಣ್ಲಾ" ಎಂದು ಒಬ್ಬ, "ಇಲ್ಲ ಕಣೋ ಗುರು, ಮುನಿಶಾಮಿ ಮುದ್ದೆ ಮಡಕೇಲಿ ಅವ್ನೆ" ಎಂದು ಇನ್ನೊಬ್ಬ. ಅಪ್ಪ ನಕ್ಕು ಬರುತ್ತಿದ್ದರು, ಮನೆಗೆ ಬಂದು ಒಂದು ಚೊಂಬು ನೀರು ಪೂರ್ತಿ ಕುಡಿಯುತ್ತಿದ್ದರು. ದೊರೆ ಸೋಮವಾರ ಎಲ್ಲಿ ಅಡಗಿದ್ದರು ಎನ್ನುವುದು ಅಟ್ಟೂರಿನವರೆಗೂ ಒಗಟಾಗಿತ್ತು. ಅದು ತಮಾಷೆಯಾಗಿ ಇದ್ದಷ್ಟು ದಿನ ನಮಗೆ ಉಸಿರು.

ಶುಕ್ರವಾರ ಹನ್ನೊಂದನೆಯ ದಿನ. ಪುರುಡು ಕಳೆದು ನಾಮಕರಣ. ಶನಿವಾರಕ್ಕೆ ಒಂದೇ ದಿನ. ಅಕ್ಕನ ಅತ್ತೆ ಗೌರಮ್ಮ ನೆಂಟರನ್ನು ಕರೆದುಕೊಂಡು ಎತ್ತಿನಗಾಡಿಯಲ್ಲಿ ಬಂದರು. ಗಟ್ಟಿ ಹೆಂಗಸು, ಮಾತು ಚುರುಕು, ಕೈಯೂ ಚುರುಕು. ಬಾಣಂತಿ ಕೋಣೆಯ ಸಾಮಾನೆಲ್ಲ ಅಂಗಳಕ್ಕೆ ತಂದು, ಸಗಣಿ ಸಾರಿಸಿ, ಮೊಮ್ಮಗನನ್ನು ಹೊಸ ಮೊರದಲ್ಲಿ ಮಲಗಿಸಿ, "ನಮ್ ಮೂಗೇ ಬಂದೈತೆ, ನಿಮ್ ಕಡೆ ಮೂಗೆಲ್ಲೈತೆ ಬುಡಿ ಬೀಗಿತ್ತಿ" ಎಂದು ಅಮ್ಮನನ್ನು ಛೇಡಿಸುತ್ತ ಅಗ್ಗಿಷ್ಟಿಕೆಯ ಬೂದಿಯನ್ನು ತಾವೇ ತಿಪ್ಪೆಗೆ ಸುರಿಯಲು ಹೋದರು. ಬೂದಿಯೊಳಗಿಂದ ಮಣ್ಣಿನ ಪೈಪು ಬಿತ್ತು. ಒಂದು ಅಂಚು ಸುಟ್ಟು ಕಪ್ಪಾಗಿತ್ತು, ಉಳಿದದ್ದು ಹಾಗೇ ಇತ್ತು. ಸುತ್ತಮುತ್ತಲ ಹತ್ತು ಹಳ್ಳಿಯಲ್ಲಿ ಅಂಥ ಪೈಪು ಒಬ್ಬರ ಬಾಯಲ್ಲಿ ಮಾತ್ರ ಇರುತ್ತಿತ್ತು.

ಗೌರಮ್ಮ ಅದನ್ನು ಸೆರಗಿನಲ್ಲಿ ಹಿಡಿದು ಅಂಗಳದ ನಡುವೆ ನಿಂತರು. ಸೋಬಾನೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. "ನನ್ ಮಗ ಏಳ್ ದಿನ ಆದ್ಮ್ಯಾಕೆ ಬಂದು ಒರಗಡೆ ಜಗಲೀಲಿ ಕೂತು ಓದ. ಕೂಸಿನ ಮಕ ನೋಡ್ಲಿಲ್ಲ, ಪದ್ಧತಿ ಅಂತ. ಪುರುಡಿನ್ ಕೋಣೆಗೆ ಪರದೇಸಿ ಗಂಡಸ್ನ ಕೂಡ್ಸಿದ್ರಾ ಬೀಗಿತ್ತಿ?" ಅಮ್ಮ ಸೆರಗು ಎಳೆದುಕೊಂಡು ಅವರ ಕಡೆ ಒಂದು ಹೆಜ್ಜೆ ಇಟ್ಟಳು. "ಊರೆಲ್ಲ ನಗ್ತಾದೆ ದೊರೆ ಎಲ್ಲವ್ನೆ ಅಂತ. ಈಗ್ ಗೊತ್ತಾಯ್ತು. ಗಾಡಿ ಕಟ್ರೋ. ಸೊಸೆ ಇಲ್ಲೇ ಇರ್ಲಿ. ಕೂಸೂ ಇಲ್ಲೇ ಇರ್ಲಿ." ಜಯಕ್ಕ ಹಸಿರು ಸೀರೆ ಉಟ್ಟು, ಅರಿಸಿನ ಹಚ್ಚಿದ ಮುಖದಲ್ಲಿ, ಮೊರದ ಪಕ್ಕ ಕೂತಿದ್ದವಳು ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಹಾಗೆ ತವರಲ್ಲಿ ಬಿಟ್ಟುಹೋದವರನ್ನು ನಾವು ಕಂಡಿದ್ದೆವು. ಅವರನ್ನು ಮತ್ತೆ ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ.

ಹಣ್ಣಿನ ಕೋಣೆಯ ಬಾಗಿಲು ತೆರೆಯಿತು. ಅಮೀನ ಒಮ್ಮೆ ನೋಡಿ ಬಿಟ್ಟ ಕೋಣೆಯೆಂದು ದೊರೆ ಆ ದಿನಗಳಲ್ಲಿ ಹಗಲೆಲ್ಲ ಅಲ್ಲಿಯೇ ಇರುತ್ತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಹೊಂಗೆಮರದ ಕೆಳಗೆ ರುದ್ರಪ್ಪ ಎದ್ದು ನಿಂತಿದ್ದು ಅವರಿಗೂ ಕಂಡಿರಲೇಬೇಕು. ಆದರೂ ನಡೆದು ಬಂದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೆಂಟರ ನಡುವೆ ದಾರಿ ಕೇಳಿಕೊಂಡು. ಗೌರಮ್ಮನ ಮುಂದೆ ಟೋಪಿ ತೆಗೆದರು. "ಅಮ್ಮಾ, ಅದು ನಂದೇ. ಈ ಮಗೀಗ್ ಕೊಟ್ಟಿದ್ದೆ, ಬೂದೀಲಿ ತಿಕ್ಕಿ ತೊಳ್ಕೊಂಡ್ ಬಾ ಅಂತ. ಕಳ್ದೋಯ್ತು ಅಂದ್ಳು. ಕೇಳಿ ಬೇಕಾದ್ರೆ." ಅವರ ಬೆರಳು ನನ್ನ ಕಡೆ ಇತ್ತು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಮದುವೆಯಲ್ಲೂ ನಾನು ತಲೆ ಎತ್ತಲಿಲ್ಲ. ಅಕ್ಕ ನನ್ನನ್ನು ನೋಡಲಿಲ್ಲ, ಮಗುವನ್ನು ನೋಡುತ್ತಿದ್ದಳು. "ಊಂ" ಎಂದೆ. ಯಾರಿಗೂ ಕೇಳಿಸಿರಲಾರದು. ಮತ್ತೆ ಹೇಳಿದೆ, "ನಾನೇ. ಅಗ್ಗಿಷ್ಟಿಕೇಲಿ ಬೂದಿ ತಗಳಾಕ್ ಓಗಿ ಬೀಳ್ಸ್‌ಬುಟ್ಟೆ. ಎದ್ರಿಕೊಂಡು ನಿಜ ಏಳ್ಲಿಲ್ಲ." ಅಮ್ಮ ಬಂದು ನನ್ನ ಕೆನ್ನೆಗೆ ಬಾರಿಸಿದಳು. "ದೊರೆ ಸಾಮಾನ್ ಸುಟ್ಟಾಕ್ದ್ಯಾ, ಮುಂಡೇದೆ!" ಅವಳ ಕೈ ಐಸಿನಂತೆ ತಣ್ಣಗಿತ್ತು.

ಗೌರಮ್ಮ ಅಷ್ಟಕ್ಕೆ ಬಿಡಲಿಲ್ಲ. "ಅಂಗಾರೆ ಸೋಮವಾರ ನೀವ್ ಎಲ್ಲಿದ್ರಿ ದೊರೆ?" "ಆ ಬಾವೀಲಿ" ಎಂದರು ದೊರೆ, ಒಂದು ಗಳಿಗೆಯೂ ಯೋಚಿಸದೆ. ಗೌರಮ್ಮ ತಿರುಗಿ, ಅಷ್ಟರಲ್ಲಿ ಹತ್ತಿರ ಬಂದಿದ್ದ ಅಮೀನನನ್ನು ಕೇಳಿದರು. "ನೀನು ಬಾವಿ ನೋಡಿರ್ಲಿಲ್ವೇನಪ್ಪಾ?" ಕಲ್ಲು ಹಾಕಿದ್ದು, ಜವಾನ ಇಳಿದದ್ದು, ಹತ್ತಿದ್ದು ಎಲ್ಲ ನಾನು ಕಂಡಿದ್ದೆ, ನಾನು ನೋಡುತ್ತಿದ್ದುದು ಅವನಿಗೂ ಗೊತ್ತಿತ್ತು. ರುದ್ರಪ್ಪ ಮೊರದಲ್ಲಿದ್ದ ಮಗುವನ್ನು ನೋಡಿದ, ಅಕ್ಕನನ್ನು ನೋಡಿದ, ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡ. "ಅದೊಂದ್ ನೋಡಾದ್ ಮರ್ತಿದ್ದೆ ಕಣಮ್ಮ. ವಯಸ್ಸಾಯ್ತಲ್ಲ" ಎಂದ. ಆಮೇಲೆ ದೊರೆಯ ಹತ್ತಿರ ಹೋಗಿ ಬಹಳ ಮೆಲ್ಲಗೆ, "ದೊರೆ, ಬಿಸಿಲಾಗೆ ನಿಂತ್ಬುಟ್ರಲ್ಲ. ನಾನೀಗ್ ಬುಡಂಗಿಲ್ಲ" ಎಂದ. "ಗೊತ್ತು ಕಣಯ್ಯ. ಊಟ ಆಗ್ಲಿ" ಎಂದರು ದೊರೆ.

ಒಂದೇ ಪಂಕ್ತಿಯಲ್ಲಿ ಅಮೀನ ಮತ್ತು ದೊರೆ ಪಕ್ಕಪಕ್ಕ ಕೂತರು. ಗೌರಮ್ಮನೇ ಒಬ್ಬಟ್ಟು ಬಡಿಸಿದರು, ದೊರೆಗೆ ತುಪ್ಪ ಎರಡು ಸಲ. ಮಗುವಿಗೆ ಗಿರೀಶ ಎಂದು ಹೆಸರಾಯಿತು. ಊಟವಾದ ಮೇಲೆ ದೊರೆ ತೇಪೆಯ ಕೋಟು ಹಾಕಿಕೊಂಡು ಬಂದರು, ಬಂಗಲೆಯ ಬೀಗದ ಕೈಗೊಂಚಲು ಅಪ್ಪನ ಕೈಯಲ್ಲಿಟ್ಟರು, ಅಮೀನನ ಜೊತೆ ಬಸ್ಸಿಗೆಂದು ಬ್ಯಾಟರಾಯನಪುರದ ಕಡೆ ನಡೆದುಹೋದರು. ಅಪ್ಪ ಗೇಟಿನವರೆಗೆ ಹೋಗಿ ಬಂದು, ಯಾರಿಗೂ ಕೇಳದ ಹಾಗೆ, "ಒಂದ್ ದಿನ. ಒಂದೇ ದಿನ ತಡ್ದಿದ್ರೆ" ಎಂದರು. "ಒಂದ್ ದಿನ ತಡ್ದಿದ್ರೆ ನಮ್ ಉಡ್ಗಿ ಬಾಳು ಮುಗ್ದೋಗಿರಾದು" ಎಂದಳು ಅಮ್ಮ. ಆಮೇಲೆ ಆ ಮಾತನ್ನು ಅವರಿಬ್ಬರೂ ಎತ್ತಲಿಲ್ಲ.

ಐರ್ಲೆಂಡಿನ ಕಾಗದ ಎರಡು ವಾರಕ್ಕೆ ಬಂತು. ಅಪ್ಪ ಅದನ್ನು ಜೈಲಿಗೆ ತೆಗೆದುಕೊಂಡು ಹೋದರು. ಯಾವ ಅಧಿಕಾರಿಯ ಮುಂದೆ ಸಹಿಯಾಗಬೇಕು, ಯಾರ ಮೊಹರು ಬೇಕು ಎಂದು ಅಲೆಯುವಷ್ಟರಲ್ಲಿ ರಜೆ ಮುಗಿದು ತೋಟ ಹರಾಜಾಯಿತು, ಅಲ್ಲಿಯ ಸನ್ಯಾಸಿನಿಯರು ಬೇರೆ ಮನೆ ಕೊಂಡುಕೊಂಡರು. ಕೆರೆಯ ದಡದ ಆ ಮನೆಯ ಚಾವಣಿ ಮುಂದಿನ ಚಳಿಗಾಲದಲ್ಲಿ ಕುಸಿಯಿತಂತೆ. ನಾವು ಪಾತ್ರೆ, ಕೋಳಿ, ಹಗ್ಗದ ಮಂಚ ಗಾಡಿಗೆ ಹಾಕಿಕೊಂಡು ಬ್ಯಾಟರಾಯನಪುರದ ಬಾಡಿಗೆ ಕೋಣೆಗೆ ಬಂದೆವು. ಅಪ್ಪ ನರ್ಸರಿಯೊಂದರಲ್ಲಿ ಕೂಲಿಗೆ ಸೇರಿದರು, ಏಳನೆಯ ತರಗತಿ ಮುಗಿಸಿ ನಾನೂ ಅಲ್ಲಿಗೇ ಹೋದೆ. ಹೊಸ ಒಡೆಯರು ಬಳ್ಳಿಗಳನ್ನು ಬುಡಕ್ಕೆ ಕಡಿಸಿದ ದಿನ ಅಪ್ಪ ಕೆಲಸಕ್ಕೆ ಹೋಗಲಿಲ್ಲ, ಊಟವನ್ನೂ ಮಾಡಲಿಲ್ಲ.

ದೊರೆ ಬಿಡುಗಡೆಯಾಗಿ ಪೇಟೆಯ ಒಂದು ವೃದ್ಧಾಶ್ರಮ ಸೇರಿದರು. ಒಂದು ಭಾನುವಾರ ಬಸ್ಸಿನಲ್ಲಿ ಅಟ್ಟೂರಿಗೆ ಹೋಗಿದ್ದರು. ನಾನೂ ಅಕ್ಕನ ಮನೆಯಲ್ಲಿದ್ದೆ. ಗಿರೀಶ ಆಗ ಜಗಲಿ ಹಿಡಿದು ನಿಲ್ಲುತ್ತಿದ್ದ. ಗೌರಮ್ಮ ಕುರ್ಚಿ ಹಾಕಿಸಿದರು. ದೊರೆ ಮಗುವನ್ನು ಎತ್ತಿಕೊಳ್ಳಲಿಲ್ಲ, ತುಂಬ ಹೊತ್ತು ನೋಡಿದರು. ಗೌರಮ್ಮ ಕಾಫಿ ತರಲು ಒಳಗೆ ಹೋದಾಗ ಜಯಕ್ಕ, "ನಮ್ಮಿಂದ ಎಲ್ಲಾ ಓಯ್ತು ನಿಮ್ದು" ಎಂದಳು. "ಇಲ್ಲಮ್ಮ. ಅದೆಲ್ಲಾ ನಮ್ಮುತ್ತಾತನ್ ಕಾಲದಿಂದ ಓಯ್ತಾನೇ ಇತ್ತು. ನಾನ್ ಒಂದ್ಕಿತ ಆದ್ರೂ ಯಾತಕ್ಕೆ ಅಂತ ನೋಡ್ಕೊಂಡ್ ಕಳ್ಕೊಂಡೆ" ಎಂದರು. ಅವರು ಸತ್ತ ಸುದ್ದಿ ನಮಗೆ ಹದಿನೈದು ದಿನ ತಡವಾಗಿ ಬಂತು. ಗೋರಿ ಎಲ್ಲಿದೆ ಎಂದು ಅಪ್ಪ ಕೇಳಿಕೊಂಡು ಹೋದರು, ಆಶ್ರಮದವರು ಕೈ ತೋರಿಸಿದ ಕಡೆ ಎರಡು ಹೊಸ ಮಣ್ಣುಗುಪ್ಪೆ ಇದ್ದವಂತೆ, ಎರಡಕ್ಕೂ ಹೂವಿಟ್ಟು 
ಬಂದರು.

ಜಯಕ್ಕ ಅಟ್ಟೂರಿನ ಮನೆಯಲ್ಲಿ ಕೊನೆಯವರೆಗೂ ಬಾಳಿದಳು, ಗೌರಮ್ಮನಿಗೆ ಕೊನೆಯ ನೀರು ಬಿಟ್ಟವಳೂ ಅವಳೇ. ನಿಮ್ಮನ್ನು ಬುಲೆಟ್ಟಿನಲ್ಲಿ ಕೂರಿಸಿಕೊಂಡು ಐಸ್‌ಕ್ರೀಮ್ ಕೊಡಿಸುವ ಗಿರೀಶ ಮಾವನಿಗೆ ಇದೇನೂ ಗೊತ್ತಿಲ್ಲ. ಹೇಳುವುದೋ ಬಿಡುವುದೋ ನೀವು ದೊಡ್ಡವರಾದ ಮೇಲೆ ತೀರ್ಮಾನ ಮಾಡಿ, ನನಗೆ ಧೈರ್ಯವಿಲ್ಲ. ಆದರೆ ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡಿ, ಮನೆ ಬದಲಿಸುವಾಗ ಹಳೆಯ ಪುಸ್ತಕಗಳ ಜೊತೆ ರದ್ದಿಗೆ ಹೋಗದಂತೆ ನೋಡಿಕೊಳ್ಳಿ. ಕೋರ್ಟಿನ ಕಾಗದ ಎಲ್ಲಾದರೂ ಉಳಿದಿದ್ದರೆ ಅದರಲ್ಲಿ ಇಂಥ ಸಾಲಗಾರ ಇಂಥ ಶುಕ್ರವಾರ ಸಿಕ್ಕಿಬಿದ್ದ ಎಂದಷ್ಟೇ ಇರುತ್ತದೆ. ಅವರು ಸಿಕ್ಕಿಬೀಳಲಿಲ್ಲ, ತಾವೇ ಬಾಗಿಲು ತೆರೆದುಕೊಂಡು ಬಂದರು. ಅದನ್ನು ಕಂಡು ಇನ್ನೂ ಬದುಕಿರುವವಳು ನಾನೊಬ್ಬಳೇ.